ಎಡಗಡೆಯ ಬೋಲ್ಟು

ಜೂನ್ 3, ಸೋಮವಾರ

ಸ್ಕೂಲ್ ಮೈದಾನ ನೋಡಿ ಮೈಯೆಲ್ಲ ಉರಿಯಿತು. ಹುಲ್ಲು ಕತ್ತರಿಸಿದ ಹಾಗಿಲ್ಲ, ಕಿತ್ತ ಹಾಗಿದೆ. ಹುಲ್ಲು ಕತ್ತರಿಸುವ ಮೂವರ್ ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಹೊಸ ಮಲ್ಚಿಂಗ್ ಬ್ಲೇಡ್ ಎರಡನ್ನೂ ನನ್ನ ತಮ್ಮ ತಲೆಕೆಳಗಾಗಿ ಹಾಕಿದ್ದಾನೆ! ರೆಕ್ಕೆ ಮೇಲಕ್ಕಿದ್ದರೆ ತಾನೇ ಅದು ಹುಲ್ಲನ್ನು ಎತ್ತೆತ್ತಿ ಕೊಚ್ಚಿ ಪುಡಿ ಮಾಡುವುದು?

ಟೀ ಹೊತ್ತು. ಪಿ.ಟಿ. ಮೇಷ್ಟ್ರು, ವಾಚ್‌ಮನ್, ಆಯಾ — ಎಲ್ಲರೂ ಇದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಅಂಗೀನೇ ತಿರುಗಾಮುರುಗಾ ಹಾಕ್ಕೊಂಡ್ ಬರೋನ ಕೈಗೆ ಬ್ಲೇಡ್ ಕೊಟ್ನಲ್ಲ, ನನ್ನದೇ ತಪ್ಪು ಬಿಡಿ!"

ಎಲ್ಲರೂ ನಕ್ಕರು. ವಾಚ್‌ಮನ್ ಅಂತೂ ಕೆಮ್ಮುವಷ್ಟು ನಕ್ಕ. ತಮ್ಮ ಮಾತ್ರ ಲೋಟ ಕೆಳಗಿಟ್ಟು ಎದ್ದು ಹೋದ.

ಜೂನ್ 4

ಮಾತಿಲ್ಲ, ಕತೆಯಿಲ್ಲ. ಮುಖ ಊದಿಸಿಕೊಂಡು ಬೇಲಿ ಕತ್ತರಿಸುತ್ತಿದ್ದಾನೆ. ಇರಲಿ. ಬ್ಲೇಡ್ ನಾನೇ ಹಾಕುತ್ತೇನೆ.

ಜೂನ್ 5, ಸಂಜೆ 4, ಆಸ್ಪತ್ರೆ

ಎಲ್ಲ ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗದ ಹಾಗೆ ಪ್ಲಗ್ ವೈರ್ ಕಿತ್ತು, ಗಾಡಿಗೆ ಜಾಕ್ ಕೊಟ್ಟು, ಬ್ಲೇಡ್ ತಿರುಗದ ಹಾಗೆ ಮರದ ತುಂಡು ಸಿಕ್ಕಿಸಿದೆ. ಬಲಗಡೆಯದು ಮುಗಿಯಿತು. ಬಿಗಿ ಮಾಡಿದ ಮೇಲೆ ಬೋಲ್ಟಿನ ಮೇಲೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೀಟು — ನನ್ನ ಹಳೇ ಚಾಳಿ. ಬೋಲ್ಟು ಸಡಿಲವಾದರೆ ಗೀಟು ಕದಲುತ್ತದೆ. ಎಡಗಡೆಯ ಬೋಲ್ಟು ಕೂರಿಸುತ್ತಿದ್ದೆ, ಪಕ್ಕದ ಮನೆಯಾಕೆಯ ಫೋನ್. ಅತ್ತೆ ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದಾರೆ. ನಮ್ಮ ಯಜಮಾನರು ಲಾರಿಯಲ್ಲಿ ಎಲ್ಲೋ ದೂರ. ನಾನೇ ಓಡಿ ಬಂದೆ. ಸೊಂಟದ ಮೂಳೆ.

ಜೂನ್ 7, ಶುಕ್ರವಾರ, ಬೆಳಿಗ್ಗೆ 6.30

ಆಪರೇಶನ್ ಆಯಿತು. ಅತ್ತೆಗೆ ನಿದ್ದೆ.

ಎಡಗಡೆಯ ಬೋಲ್ಟು ಬಿಗಿ ಮಾಡಿದೆನೇ?

ಜಾಕ್ ಇಳಿಸಿದ್ದು ನೆನಪಿದೆ. ಪ್ಲಗ್ ವೈರ್ ಸಿಕ್ಕಿಸಿದ್ದು ನೆನಪಿದೆ. ಸ್ಪ್ಯಾನರ್ ತಿರುಗಿಸಿದ್ದು... ಇಲ್ಲ. ಇವತ್ತು ತಮ್ಮ ಎಂಟಕ್ಕೆ ಗಾಡಿ ಓಡಿಸುತ್ತಾನೆ. ಪಕ್ಕದಲ್ಲೇ ಮಕ್ಕಳ ಡ್ರಿಲ್.

7.10

ತಮ್ಮನಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. "ಎಡಗಡೆ ಬೋಲ್ಟು ನೋಡು, ಬಿಗಿ ಮಾಡಿಲ್ಲ ಅನ್ಸತ್ತೆ" ಎಂದು ಬರೆದೆ. ಅಳಿಸಿದೆ. ವಾಚ್‌ಮನ್ ನಗು ಕಣ್ಣ ಮುಂದೆ ಬಂತು. ಥೂ ನನ್ನ ಜನ್ಮಕ್ಕೆ! ಮಕ್ಕಳು ನಿಂತಿರುತ್ತಾರೆ, ನನಗೆ ಮಾನದ ಚಿಂತೆ. ಮತ್ತೆ ಬರೆದು ಕಳಿಸಿದೆ.

8.05

ಅವನಿನ್ನೂ ಮೆಸೇಜ್ ನೋಡಿಲ್ಲ. ವಾಚ್‌ಮನ್ ಫೋನ್ ಸ್ವಿಚ್ ಆಫ್. ಆಫೀಸಿನ ಫೋನ್ ಎತ್ತುವವರಿಲ್ಲ. ಕಾರಿಡಾರಿನಲ್ಲಿ ಹೋಗುವುದು, ಬರುವುದು. ನರ್ಸ್ ಬೈದಳು. ಆ ವೇಗದಲ್ಲಿ ಬ್ಲೇಡ್ ಕಳಚಿ ಹಾರಿದರೆ —

8.40

ಅವನದೇ ಫೋನ್.

"ಅಕ್ಕಾ, ಈಗ ನೋಡ್ದೆ ಮೆಸೇಜು. ಗಾಬರಿ ಆಗ್ಬೇಡ. ನಿನ್ನೇನೇ ಬಗ್ಗಿ ನೋಡಿದ್ದೆ. ಬಲಗಡೆ ಕೆಂಪು ಗೀಟಿತ್ತು, ಎಡಗಡೆ ಇರ್ಲಿಲ್ಲ. ಗೀಟು ಎಳೀದೆ ಬಿಡೋಳಲ್ವಲ್ಲ ನೀನು ಅಂತ ಕೈ ಹಾಕಿದ್ರೆ, ಬೆರಳಲ್ಲೇ ತಿರುಗ್ತು. ಬಿಗಿ ಮಾಡಿದೀನಿ."

ಅವನೇ ಮುಂದುವರಿಸಿದ.

"ಯಾರಿಗೂ ಹೇಳಿಲ್ಲ ಬಿಡು. ನಿಮ್ಮತ್ತೆ ಹೇಗಿದಾರೆ?"

ಅವನು ನಾಲ್ಕು ಜನರ ಮುಂದೆ ನನಗೆ ಉಗಿದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಜೂನ್ 10, ಸೋಮವಾರ, ಟೀ ಹೊತ್ತು

ಕೆಲಸಕ್ಕೆ ಬಂದೆ. ಮೊದಲು ಗಾಡಿಯ ಕೆಳಗೆ ಬಗ್ಗಿದೆ. ಎಡಗಡೆಯ ಬೋಲ್ಟಿನ ಮೇಲೆ ಹಸಿರು ಪೇಂಟಿನ ಗೀಟು. ಬೇಲಿ ಗೇಟಿನ ಪೇಂಟು. ಸೊಟ್ಟಗಿದೆ, ಆದರೆ ಕದಲಿಲ್ಲ.

ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಎಲ್ಲರೂ ಬಂದಾಯಿತು — ಮೇಷ್ಟ್ರು, ಆಯಾ, ವಾಚ್‌ಮನ್. ತಮ್ಮ ದೂರದಲ್ಲಿ, ಒಬ್ಬನೇ, ಬೇಲಿಗೆ ಒರಗಿ ಟೀ ಕುಡಿಯುತ್ತಿದ್ದಾನೆ. ಅವನು ಹೇಳುವುದಿಲ್ಲ. ನಾನು ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ.

ವಾಚ್‌ಮನ್ ನಕ್ಕರೆ ನಗಲಿ. ತಮ್ಮನನ್ನು ಮೊದಲು ಈ ಕಡೆ ಕರೆದು ಕೂರಿಸಬೇಕು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ನಾನೇ ಆ ಬೋಲ್ಟಿನ ಕತೆ —