ಲಾರಿಯ ಮುಂದೆ ನಡೆಯುವವರು

ಬಿಳಿಗಲ್ಲು ಕ್ರಾಸ್
ಫೆಬ್ರವರಿ 30, 2149

ಬಿಳಿಗಲ್ಲು ಕ್ರಾಸಿನ 2026ನೇ ಇಸವಿಯ ನಿವಾಸಿಗಳಿಗೆ,

ತಾರೀಖು ನೋಡಿ ಯಾರದೋ ಕುಚೇಷ್ಟೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಗುವ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಬಿಡುದಿನ ಎನ್ನುತ್ತೇವೆ. ಆ ಐದು ದಿನ ಲಾರಿಗಳು ಓಡುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಊರಿನ ಉತ್ತರಕ್ಕಿರುವ ಗುಡ್ಡ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಮಾಳಿಗೆ ಹತ್ತಿ ನೋಡುತ್ತೇವೆ. ನಿಮಗೆ ಅದು ದಿನಾ ಕಾಣುತ್ತಿತ್ತೋ ಏನೋ.

ನನ್ನ ಭಾಷೆಗೂ ಕ್ಷಮೆ ಕೇಳಬೇಕು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಆಡುತ್ತೇವೆ, ಬರೆಯುವುದು ಯಾರೂ ಕಲಿಸಲಿಲ್ಲ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಇಲ್ಲಿನ ಶಾಲೆಗೆ ಟೀಚರಾಗಿ ಬಂದಾಗ ಬೀರುವಿನಲ್ಲಿ ನಿಮ್ಮ ನಿವಾಸಿಗಳ ಸಂಘದ ನಡಾವಳಿ ಪುಸ್ತಕ ಸಿಕ್ಕಿತು. ಅದನ್ನು ನೋಡಿಕೊಂಡೇ ಬರವಣಿಗೆ ಕಲಿತೆ. ಹಾಗಾಗಿ ನನ್ನ ವಾಕ್ಯಗಳಲ್ಲಿ ಅಲ್ಲಲ್ಲಿ ಕಚೇರಿಯ ವಾಸನೆ ಬಂದರೆ ಅದರಲ್ಲಿ ನಿಮ್ಮ ಪಾಲೂ ಇದೆ. ಆ ಪುಸ್ತಕದ ಕೊನೆಯಲ್ಲಿ ಖಾಲಿ ಉಳಿದ ಹಾಳೆಗಳ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಹೇಗೆ ತಲುಪುತ್ತದೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಪುಸ್ತಕ ನಿಮ್ಮದು, ಎಂದಾದರೂ ತೆರೆದೀರಿ ಎಂಬ ನಂಬಿಕೆ ಅಷ್ಟೆ.

ನನ್ನ ಹೆಸರು ವೈಜಯಂತಿ. ವಯಸ್ಸು ನಲವತ್ತಾರು. ಪಾಠ ಹೇಳುವುದರ ಜೊತೆಗೆ ಊರ ಸಭೆಯ ಬರಹಗಾರ್ತಿಯ ಕೆಲಸವೂ ನನ್ನದೇ. ನಿಮ್ಮ ಕಾಲದ ಕ್ರಷರುಗಳು ಇನ್ನೂ ಇವೆ, ದೊಡ್ಡದಾಗಿವೆ. ಜಲ್ಲಿ ತುಂಬಿದ ಲಾರಿಗಳು ಇವತ್ತಿಗೂ ಊರಿನ ನಡುವಿನ ರಸ್ತೆಯಲ್ಲೇ ಹೋಗುತ್ತವೆ, ದಿನಕ್ಕೆ ಆರುನೂರು. ಹೊಗೆಯಂತೂ ಇಲ್ಲ, ಎಲ್ಲವೂ ಕರೆಂಟಿನ ಮೇಲೆ ಓಡುತ್ತವೆ. ಹೊಗೆ ಹೋದರೆ ಗಾಳಿ ತಿಳಿಯಾಗುತ್ತದೆ ಎಂದು ನಿಮ್ಮವರು ಬರೆದದ್ದನ್ನು ಓದಿದ್ದೇನೆ. ಆಗಲಿಲ್ಲ. ಟೈರು ಸವೆದ ಪುಡಿ, ಬ್ರೇಕಿನ ಪುಡಿ, ಕಲ್ಲಿನ ಹಿಟ್ಟು ಇವುಗಳಿಗೆ ಹೊಗೆಯ ಹಂಗಿಲ್ಲ. ನಾವು ಒಗೆದ ಬಟ್ಟೆಯನ್ನು ಒಳಗೇ ಒಣಗಿಸುತ್ತೇವೆ, ಹಾಲನ್ನು ತೆರೆದಿಡುವುದಿಲ್ಲ, ಹೊಸಿಲಿಗೆ ದಿನಕ್ಕೆ ಮೂರು ಸಲ ಒದ್ದೆ ಬಟ್ಟೆ ಹಾಕುತ್ತೇವೆ.

ಇನ್ನು ಮುನ್ನಡೆಯವರ ವಿಷಯ ಹೇಳಬೇಕು, ಈ ಕಾಗದ ಅವರದ್ದೇ. ಐವತ್ತೊಂದು ವರ್ಷದ ಹಿಂದೆ ಶಾಲೆ ಬಿಡುವ ಹೊತ್ತಿನಲ್ಲಿ ಒಂದು ಲಾರಿ ನಾಲ್ಕು ಮಕ್ಕಳ ಮೇಲೆ ಹರಿಯಿತು. ಚಾಲಕನೇ ಇಲ್ಲದ ಲಾರಿ. ಅದರ ಕಣ್ಣಿಗೆ ಧೂಳು ಕವಿದಿತ್ತು. ಅಂದಿನಿಂದ ಊರಿನ ಒಳಗಿನ ಒಂದೂವರೆ ಕಿಲೋಮೀಟರು ಪ್ರತಿ ಲಾರಿಯ ಮುಂದೆಯೂ ಒಬ್ಬ ಮನುಷ್ಯ ಕೆಂಪು ಬಟ್ಟೆ ಹಿಡಿದು ನಡೆಯಬೇಕು, ಲಾರಿ ಅವರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಕೈ ಎತ್ತಿದರೆ ನಿಲ್ಲಬೇಕು. ಆ ಕೆಲಸದವರನ್ನೇ ಮುನ್ನಡೆಯವರು ಎನ್ನುತ್ತೇವೆ, ಒಟ್ಟು ನೂರ ನಲವತ್ತು ಜನ. ಆಮೇಲೆ ಈ ರಸ್ತೆಯಲ್ಲಿ ಒಂದು ಮಗುವೂ ಸತ್ತಿಲ್ಲ. ಆದರೆ ಲಾರಿಯ ಮೂತಿಯಿಂದ ಹತ್ತು ಅಡಿ ದೂರದಲ್ಲಿ, ವರ್ಷಗಟ್ಟಲೆ, ಮುಂದೆ ಹೋದ ಲಾರಿ ಎಬ್ಬಿಸಿದ ಧೂಳಿನಲ್ಲಿ ನಡೆದವರ ಎದೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಪ್ರತಿ ಸೋಮವಾರ ಅವರು ಊದುಗೊಳವೆಯನ್ನು ಊದುತ್ತಾರೆ. ಗಾಜಿನೊಳಗೆ ಒಂದು ಮಣಿ ಮೇಲೇರುತ್ತದೆ. ಆರೋಗ್ಯವಂತರದ್ದು ಒಂಬತ್ತನೆಯ ಗೆರೆ ಮುಟ್ಟುತ್ತದೆ. ನಾಲ್ಕಕ್ಕಿಂತ ಕೆಳಗಿಳಿದರೆ ಕೆಲಸ ಹೋಯಿತು.

ನನ್ನ ತಂಗಿ ಮಂದಾರ ಹದಿನಾಲ್ಕು ವರ್ಷದಿಂದ ಮುನ್ನಡೆಯುತ್ತಿದ್ದಾಳೆ. ಕಳೆದ ಸೋಮವಾರ ಅವಳ ಮಣಿ ನಾಲ್ಕೂವರೆಯಲ್ಲಿ ನಿಂತಿತು. ಈಗ ಬಿಟ್ಟರೆ ಹೀಗೇ ಮೂವತ್ತು ವರ್ಷ ಬದುಕುತ್ತಾಳೆ, ಇನ್ನೆರಡು ವರ್ಷ ನಡೆದರೆ ಆಕ್ಸಿಜನ್ ಸಿಲಿಂಡರು ಜೊತೆಗಿರಬೇಕಾಗುತ್ತದೆ ಎಂದರು ಡಾಕ್ಟರು. ಅವಳು ಬಿಡುವುದಿಲ್ಲ. ಮಣಿ ನಾಲ್ಕರ ಕೆಳಗಿಳಿಯುವ ಮೊದಲೇ ಅವಳು ಬಿಡಬೇಕಾದರೆ ರಸ್ತೆಯೇ ಮುಚ್ಚಬೇಕು.

ಆ ನಿರ್ಣಯವೇ ನಿನ್ನೆ ಸಂಜೆ ಶಾಲೆಯ ಅಂಗಳದಲ್ಲಿ ಸೇರಿದ ಸಭೆಯ ಮುಂದೆ ಇತ್ತು. ಊರೊಳಗಿನ ರಸ್ತೆಯನ್ನು ಲಾರಿಗಳಿಗೆ ಮುಚ್ಚಬೇಕು, ಅವು ಮೂವತ್ತೆರಡು ಕಿಲೋಮೀಟರು ಸುತ್ತಿಕೊಂಡು ಹೋಗಲಿ ಎಂಬ ನಿರ್ಣಯ. ಒಪ್ಪಿದರೆ ಧೂಳು ಹೋಗುತ್ತದೆ, ಮಕ್ಕಳಿಗೂ ಭಯವಿಲ್ಲ. ನೂರ ನಲವತ್ತು ಜನರ ಕೂಲಿಯೂ ಹೋಗುತ್ತದೆ. ಆರು ತಿಂಗಳ ಕೂಲಿ ಕೊಟ್ಟು ಕೈತೊಳೆದುಕೊಳ್ಳುತ್ತೇವೆ ಎಂದು ಕ್ರಷರಿನವರು ಹೇಳಿ ಕಳಿಸಿದ್ದರು. ಮುಂದಿನ ತಿಂಗಳು ಚುನಾವಣೆ ಇರುವುದರಿಂದ ಎರಡೂ ಪಕ್ಷದವರು ಬಂದಿದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಅಲ್ಲಿಗೆ ಕುರ್ಚಿ ಹಾಕಿಸಿಕೊಂಡರು. ಲೋಡಿಂಗ್ ಕೆಲಸದ ಚಿಕ್ಕೀರಣ್ಣನಿಗೆ ಅದು ಸಾಕಾಯಿತು. "ಸಾಮಿ, ಸ್ವಲ್ಪ ಈ ಕಡೀಕ್ ಬನ್ನಿ. ಇಲ್ಲೂ ಓಟು ಅವೆ, ಕೆಮ್ಮೋ ಓಟು!" ಎಂದು ಕೂಗಿದ. ಅವರು ನಕ್ಕರು, ಕುರ್ಚಿ ಮಾತ್ರ ಅಲುಗಲಿಲ್ಲ.

ನಮ್ಮ ಸಭೆಗೊಂದು ಪದ್ಧತಿಯಿದೆ, ಎದುರುಮಾತು ಎಂದು ಅದರ ಹೆಸರು. ಯಾರೇ ಆಗಲಿ ತಮ್ಮ ವಾದ ಹೇಳುವ ಮೊದಲು ಎದುರಿನವರ ವಾದವನ್ನು ಅವರ ಪರವಾಗಿ ಹೇಳಬೇಕು. ಅವರು ಎದ್ದು, ಹೌದು, ನನ್ನ ಮಾತು ಇದೇ ಎನ್ನುವವರೆಗೆ ನಮಗೆ ನಮ್ಮ ಮಾತಿಲ್ಲ. ಹೊರಗಿನವರಿಗೆ ಇದು ಕಾಲಹರಣದಂತೆ ಕಾಣುತ್ತದೆ. ಮುಚ್ಚಬೇಕು ಎನ್ನುವವರ ಪರವಾಗಿ ನಾನು ನಿಂತಿದ್ದೆ. ನನ್ನೆದುರು ಮುನ್ನಡೆಯವರ ಪರವಾಗಿ ನಿಂತವಳು ಮಂದಾರ.

ನಾನು ಶುರು ಮಾಡಿದೆ. ನೂರ ನಲವತ್ತು ಮನೆಗಳ ಒಲೆ ಉರಿಯುವುದು ಈ ಕೂಲಿಯಿಂದ, ಬೇರೆ ಕೆಲಸ ಹತ್ತಿರದಲ್ಲೆಲ್ಲೂ ಇಲ್ಲ, ಹಸಿವಿಗಿಂತ ಧೂಳು ವಾಸಿ ಎಂಬುದು ಅವಳ ವಾದ ಎಂದೆ. ಮಂದಾರ ಎದ್ದು, "ಅಲ್ಲಕ್ಕ. ಅದು ಎಲ್ಲಾರ್ದೂ ಆಯ್ತು. ನನ್ದು ಹೇಳು" ಎಂದಳು. ನಾನು ಮಕ್ಕಳ ವಿಷಯಕ್ಕೆ ಹೋದೆ. ಐವತ್ತೊಂದು ವರ್ಷ, ಒಂದೂ ಸಾವಿಲ್ಲ, ಅದು ಮುನ್ನಡೆಯವರ ಹೆಮ್ಮೆ ಎಂದೆ. "ಅದು ನಿಜಾನೆ. ಆದ್ರೂ ಅಲ್ಲ. ನೀನು ಪರೀಕ್ಷೆಗೆ ಓದ್ಕೊಂಡು ಬಂದವಳ ಥರ ಹೇಳ್ತಿದೀಯ" ಎಂದಳು. ಜನ ನಕ್ಕರು. ಇಪ್ಪತ್ತು ವರ್ಷ ಮುನ್ನಡೆದು, ಈಗ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡು ಕೂರುವ ನೂರ್‌ಬಿ, "ನಿಧಾನ್ವಾಗಿ ಯೋಚ್ನೆ ಮಾಡಿ ಟೀಚರಮ್ಮ. ಈ ಬಾಟ್ಲಿ ಖಾಲಿಯಾಗಕ್ಕೆ ಇನ್ನಾ ಎರಡು ಗಂಟೆ ಐತೆ" ಎಂದರು. ಈ ಸಲ ಹೆಚ್ಚು ಜನ ನಗಲಿಲ್ಲ.

ಮೂರನೆಯ ಉತ್ತರ ನನಗೆ ಮೊದಲಿನಿಂದಲೂ ಗೊತ್ತಿತ್ತು. ಅದನ್ನು ಊರಿನ ಮುಂದೆ ಹೇಳಲು ಮನಸ್ಸಾಗಿರಲಿಲ್ಲ. ನಮ್ಮ ಮನೆಯಲ್ಲಿ ಇಬ್ಬರನ್ನು ಓದಿಸುವ ಶಕ್ತಿಯಿರಲಿಲ್ಲ. ನಾನು ದೊಡ್ಡ ಊರಿನ ಕಾಲೇಜಿನಲ್ಲಿದ್ದಾಗ ಮಂದಾರ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟಳು. ಬಿಟ್ಟಳೋ, ಬಿಡಿಸಿದೆವೋ, ನಾನು ಯಾವತ್ತೂ ಕೇಳಲಿಲ್ಲ. ಆಮೇಲೆ ಮನೆಯಲ್ಲಿ ಏನೇ ತೀರ್ಮಾನವಾಗಲಿ, ಓದಿದವಳು ಹೇಳಲಿ ಎಂದು ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಹೇಳುತ್ತಿದ್ದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ನಿನ್ನೆ ನಾನು ಎದ್ದುನಿಂತು ಹೇಳಿದ್ದು ಇಷ್ಟು: ಮಂದಾರಳ ಮಾತನ್ನು ಹುಟ್ಟಿದಾಗಿನಿಂದ ಯಾರೂ ಕೇಳಿಲ್ಲ, ಅವಳ ಅಕ್ಕನೂ ಕೇಳಿಲ್ಲ. ಅವಳು ಕೈ ಎತ್ತಿದರೆ ನಲವತ್ತು ಟನ್ನಿನ ಲಾರಿ ನಿಲ್ಲುತ್ತದೆ. ಲೋಕದಲ್ಲಿ ಅವಳ ಮಾತಿಗೆ ನಿಲ್ಲುವುದು ಅದೊಂದೇ. ಅದನ್ನೂ ಕಿತ್ತುಕೊಳ್ಳಬೇಡಿ ಎಂಬುದು ಅವಳ ವಾದ.

ಮಂದಾರ ಎದ್ದು ನಿಂತಳು. ಕೆಮ್ಮು ಬಂತು, ಮುಗಿಯಲು ಬಿಟ್ಟಳು. "ಹೂಂ. ನನ್ನ ಮಾತು ಇದೇ" ಎಂದಳು. ಆಮೇಲೆ ಅವಳ ಸರದಿ. "ನಮ್ಮಕ್ಕನ ವಾದ ಇಷ್ಟೇ ಕಣ್ರಪ್ಪ. ಧೂಳು, ರಸ್ತೆ, ಮಕ್ಳು, ಎಲ್ಲಾ ಮೇಲ್ಮೇಲಿನ ಮಾತು. ತಂಗಿ ಉಸಿರು ಕಟ್ಕೊಂಡು ಸಾಯೋದನ್ನ ನೋಡಕ್ಕೆ ಅವಳಿಗಾಗಲ್ಲ. ಓದಕ್ಕೆ ಕಳಿಸಲಿಲ್ವಲ್ಲ ಅನ್ನೋದು ಬೇರೆ ಕೊರೀತಾ ಐತೆ. ಅದಕ್ಕೆ ನನ್ನ ಕೆಲ್ಸ ತೆಗ್ದು ತಾನು ಹಗುರಾಗ್ಬೇಕು ಅಂತಾವ್ಳೆ. ಹೌದಾ ಅಕ್ಕ?"

ನಮ್ಮ ಪದ್ಧತಿಯಲ್ಲಿ ಹೌದು ಅಥವಾ ಅಲ್ಲ ಎಂದಷ್ಟೇ ಹೇಳಬಹುದು. ಅವಳು ಹೇಳಿದ್ದು ಪೂರ್ತಿ ಸರಿಯಲ್ಲ ಎಂದು ಈಗಲೂ ಅನ್ನಿಸುತ್ತದೆ. ಆದರೆ ಅಲ್ಲ ಎನ್ನುವಷ್ಟು ತಪ್ಪೂ ಅಲ್ಲ. ಹೌದು ಎಂದೆ.

ಅಲ್ಲಿಗೆ ಮತ ಹಾಕಬೇಕಿತ್ತು. ನಾವು ಮತ ಹಾಕುವುದು ರಸ್ತೆಯಲ್ಲೇ. ಲಾರಿಗಳನ್ನು ತಡೆದು, ಒಪ್ಪುವವರು ಪೂರ್ವದ ಅಂಚಿಗೆ, ಒಪ್ಪದವರು ಪಶ್ಚಿಮದ ಅಂಚಿಗೆ ನಿಲ್ಲುತ್ತಾರೆ. ನಾನು ಪೂರ್ವಕ್ಕೆ ಹೊರಟು ನಿಂತವಳು ತಂಗಿಯ ಮುಖ ನೋಡಿದೆ. ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು: ಈ ವಿಷಯವನ್ನು ಮುಂದಿನ ಸಭೆಗೆ ಇಡೋಣವೇ? ಅಂಗಳವಿಡೀ ಉಸಿರು ಬಿಟ್ಟದ್ದು ಕೇಳಿಸಿತು. ಎಲ್ಲರ ಕೈಗಳೂ ಮೇಲೆದ್ದವು. ಪಕ್ಷದವರು ಎಲ್ಲರಿಗಿಂತ ಮೊದಲು ಎತ್ತಿದರು. ಚಿಕ್ಕೀರಣ್ಣನೊಬ್ಬ, "ಮುಂದಿನ್ ಸಭೆಗೆ ಯಾರ್ ಯಾರ್ ಇರ್ತೀವೋ, ಹಾಜರಿ ಹಾಕ್ಕೊಂಡ್ಬಿಡಿ" ಎಂದ. ಅಷ್ಟರಲ್ಲಿ ಕಾಫಿ ಬಂತು.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಮಂದಾರ ಕೆಂಪು ಬಟ್ಟೆ ಹಿಡಿದು ಕೆಲಸಕ್ಕೆ ಹೋದಳು. ನಾನು ನಿನ್ನೆಯ ನಡಾವಳಿ ಬರೆಯಲು ಕೂತೆ. ಮುಂದೂಡಿದ್ದನ್ನು ಸರಿಯಾದ ಕನ್ನಡದಲ್ಲಿ ಹೇಗೆ ಬರೆಯುತ್ತಾರೆ ಎಂದು ನೋಡಲು ನಿಮ್ಮ ಪುಸ್ತಕ ತೆಗೆದೆ. 2026ರ ಒಂದು ಭಾನುವಾರದ ಸಭೆಯ ಪುಟ ನನಗೆ ಬಾಯಿಪಾಠ, ನನ್ನ ಒತ್ತಕ್ಷರಗಳೆಲ್ಲ ಅದರಿಂದಲೇ ಬಂದವು. ನಲವತ್ತೊಂದು ಜನ ಹಾಜರು. ಕ್ರಷರು ಕೂಲಿಯವರು ಮೊದಲು ನಮ್ಮ ಕೂಲಿಯ ಮಾತಾಡಿ ಎಂದರು. ಗ್ಯಾರೇಜಿನವರೊಬ್ಬರು ಮೊದಲು ರೋಡ್ ಹಂಪ್ ಹಾಕಿಸಿ ಎಂದರು. ಹಂಪ್ ಹಾಕಿಸಿದ ಹೆಸರು ಯಾವ ಪಕ್ಷಕ್ಕೆ ಹೋಗಬೇಕು ಎಂದು ಮುಕ್ಕಾಲು ಗಂಟೆ ಜಗಳವಾಯಿತು. ಧೂಳಿಗೆ ನೀರು ಹೊಡೆಸುತ್ತೇವೆ ಎಂದು ಮಾಲೀಕರು ಬರೆದುಕೊಟ್ಟರು. ಐದನೆಯ ವಿಷಯ: ಊರಿನ ಪಶ್ಚಿಮಕ್ಕೆ ಖಾಲಿಯಿರುವ ಅರವತ್ತು ಅಡಿ ಅಗಲದ ಜಾಗದಲ್ಲಿ ಲಾರಿಗಳಿಗೆ ಬೇರೆ ರಸ್ತೆ. ಸೈಟು ಇದ್ದವರು ಬೇಡವೆಂದರು, ಅಂಗಡಿಯವರು ವ್ಯಾಪಾರ ಹೋಗುತ್ತದೆ ಎಂದರು. ಕೆಳಗೆ ದುಂಡಗಿನ ಅಕ್ಷರದಲ್ಲಿ, "ಸದರಿ ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವುದು" ಎಂದಿದೆ. ಮುಂದಿನ ಸಭೆಯ ಪುಟ ಪುಸ್ತಕದಲ್ಲಿ ಇಲ್ಲ.

ಎಷ್ಟೋ ವರ್ಷ ಆ ಸಾಲನ್ನು ಅಕ್ಷರದ ಚಂದಕ್ಕಾಗಿ ನಕಲು ಮಾಡಿದ್ದೆ. ಅದನ್ನು ಬರೆದವರು ಯಾರೋ ಗೊತ್ತಿಲ್ಲ, ಹೆಂಗಸಿರಬಹುದು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾರ ಮುಖ ನೋಡಿ ಅವರ ಕೈ ಅತ್ತ ಹೊರಳಿತೋ ಎಂದಷ್ಟೇ ಅನ್ನಿಸಿತು. ಅಂದು ಆ ರಸ್ತೆಯಾಗಿದ್ದರೆ ನಾಲ್ಕು ಮಕ್ಕಳು ಉಳಿಯುತ್ತಿದ್ದರು, ಮುನ್ನಡೆಯುವ ಕೆಲಸವೇ ಹುಟ್ಟುತ್ತಿರಲಿಲ್ಲ. ಈಗ ಆ ಜಾಗದಲ್ಲಿ ಮುನ್ನೂರು ಮನೆಗಳಿವೆ, ಅದರಲ್ಲಿ ಒಂದು ನಮ್ಮದು. ನಿಮ್ಮನ್ನು ದೂರುವ ಯೋಗ್ಯತೆ ನನಗಿದೆಯೇ ಎಂದು ಬೆಳಿಗ್ಗೆಯಿಂದ ಕೇಳಿಕೊಳ್ಳುತ್ತಿದ್ದೇನೆ. ಇಲ್ಲ. ಆದರೆ ನಿಮ್ಮಲ್ಲಿ ಬೇಡಿಕೊಳ್ಳುವ ಹಕ್ಕಿದೆ ಎಂದುಕೊಂಡಿದ್ದೇನೆ.

ಮುಂದೂಡಿದ ವಿಷಯವನ್ನು ಮರುದಿನ ಸೂರ್ಯ ಮುಳುಗುವುದರೊಳಗೆ ವಾಪಸು ತರುವ ಅಧಿಕಾರ ನಮ್ಮಲ್ಲಿ ಬರಹಗಾರ್ತಿಗೆ ಇದೆ. ನನ್ನ ಕಾಲದಲ್ಲಿ ಯಾರೂ ಅದನ್ನು ಬಳಸಿದ್ದು ನೋಡಿಲ್ಲ. ಇವತ್ತು ಐದು ಗಂಟೆಗೆ ಸಭೆ ಇದೆ ಎಂದು ಮಧ್ಯಾಹ್ನವೇ ಚೀಟಿ ಕಳಿಸಿದ್ದೇನೆ. ನಾನು ಪೂರ್ವದ ಅಂಚಿಗೆ ನಿಲ್ಲುತ್ತೇನೆ. ಎದುರಿಗೆ ಮಂದಾರ ನಿಂತಿರುತ್ತಾಳೆ. ರಸ್ತೆ ಮುಚ್ಚಿದರೆ ಅವಳು ನನ್ನನ್ನು ಕ್ಷಮಿಸುವುದಿಲ್ಲ, ಅವಳು ಹಾಗೆ ಹೇಳಿಯೂ ಇದ್ದಾಳೆ. ನಾನು ಮಾಡುತ್ತಿರುವುದು ಸರಿ ಎಂಬ ಖಾತ್ರಿ ನನಗಿಲ್ಲ. ಖಾತ್ರಿಗಾಗಿ ಕಾಯುತ್ತಾ ಕೂತರೆ ಅವಳ ಮಣಿ ಇಳಿಯುತ್ತದೆ ಎಂಬುದು ಮಾತ್ರ ಗೊತ್ತು.

ನೀವೂ ಮತ್ತೆ ಸೇರಿ. ನಿಮ್ಮ ಮುಂದಿನ ಸಭೆಯನ್ನು ಈ ಭಾನುವಾರವೇ ಕರೆಯಿರಿ. ಕೂಲಿಯವರನ್ನು ಮೊದಲು ಕೂರಿಸಿ, ಅವರ ಮಾತನ್ನು ಅವರು ಒಪ್ಪುವ ಹಾಗೆ ನೀವು ಹೇಳಿ, ಆಮೇಲೆ ನಿಮ್ಮದನ್ನು ಹೇಳಿ, ಅಂದೇ ಕೈ ಎತ್ತಿ. ನಿಮ್ಮವರಲ್ಲಿ ಕೆಲವರು ನಿಮ್ಮ ಮೇಲೆ ಸಿಟ್ಟಾಗುತ್ತಾರೆ. ಬಾಗಿಲು ಹಾಕಿಕೊಳ್ಳುತ್ತಾರೆ, ಎದುರು ಸಿಕ್ಕರೆ ಬೈಯುತ್ತಾರೆ. ಬೈಯುವಷ್ಟು ಉಸಿರು ಅವರಲ್ಲಿ ಇರುವಾಗಲೇ ತೀರ್ಮಾನ ಮಾಡಿ.

ನಿಮ್ಮ ಊರಿನವಳೇ ಆದ
ವೈಜಯಂತಿ