ಒಂದು ಮನೆಗೆ ಮೂರು ಹೆಸರು

ಜನವರಿ 6, ಸೋಮವಾರ, ಬೆಳಿಗ್ಗೆ
ಸಾಂಬಾರಿಗೆ ಇವತ್ತೂ ಹುಳಿ ಹೆಚ್ಚು. ಅಡುಗೆಯ ಐತನಿಗೆ ಬೈದು ಮೇಲೆ ಬಂದರೆ ಮಗಳು ಸಮೀಕ್ಷಾ ಲ್ಯಾಪ್‌ಟಾಪ್ ಮುಂದಿಟ್ಟಳು. ಕೆನಡಾದ ಕ್ಯೂಬೆಕ್‌ನಿಂದ ಇಮೇಲ್. ಇಸಾಬೆಲ್ ಲಾಫ್ಲೂರ್ ಎಂಬ ಹೆಂಗಸು, ಕೂಸಾಗಿದ್ದಾಗ ಇಲ್ಲಿಯ ಕೀಲ್ಪಾಕಿನಿಂದ ದತ್ತು ಹೋದವಳಂತೆ. ಡಿಎನ್‌ಎ ಟೆಸ್ಟ್ ಎಂದು ಇವಳು ಎಂಜಲು ಕಳಿಸಿದ್ದಳಲ್ಲ, ಆ ಹೆಂಗಸಿನದಕ್ಕೆ ಮ್ಯಾಚ್ ಆಗಿದೆಯಂತೆ. ಕಸಿನ್ ಅಂತೆ! ತ್ರಿಪ್ಲಿಕೇನಿನಲ್ಲಿ ಮೆಸ್ ನಡೆಸುವವನಿಗೆ ಎಂಜಲಿನಿಂದ ಸಂಬಂಧ ಹುಡುಕಿ ಕೊಡುತ್ತಾರೆ.

ಜನವರಿ 7
ನನ್ನ ಒಬ್ಬಳೇ ಅಕ್ಕ, ಅಂಬುಜಕ್ಕನದೇ ಯೋಚನೆ. ಮದುವೆಯಾಗದೆ ಬಸುರಾದಳು. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಹೆರಿಗೆ. ಮಗು ಉಳಿಯಲಿಲ್ಲ ಎಂದು ಅಮ್ಮ ಹೇಳಿದ್ದು. ನಂಬಿದೆ. ಈಗ ಅಕ್ಕನೂ ಇಲ್ಲ, ಅಮ್ಮನೂ ಇಲ್ಲ. ಆದರೆ ಈ ಕಟ್ಟಡದ ಅರ್ಧ ಇನ್ನೂ ಅಕ್ಕನ ಹೆಸರಿನಲ್ಲೇ ಇದೆ. ಸರಿಯಾಗಿ ಈಗಲೇ ಅಕ್ಕನ ಮಗಳೆಂದು ಒಬ್ಬಳು ಹುಟ್ಟಿಕೊಂಡಳು... ಮೋಸವೇ.

ಜನವರಿ 10, ರಾತ್ರಿ
ಆ ಇಸಾಬೆಲ್ ಇಲ್ಲಿಗೇ ಬರುತ್ತಾಳಂತೆ, ಲಾಡ್ಜ್ ಬುಕ್ ಮಾಡಲು ಪಾಸ್‌ಪೋರ್ಟ್ ಕಾಪಿ ಕಳಿಸಿದ್ದಾಳೆ. ಅದರಲ್ಲಿ ಇಸಾಬೆಲ್ ರೋಬೇರ್! ಸಾಕುತಾಯಿಯದು ಗಾನ್ಯೋ. ಒಂದು ಮನೆಗೆ ಮೂರು ಹೆಸರು. ವಕೀಲ ಗುರುಚರಣರಿಗೆ ಫೋನ್ ಮಾಡಿದೆ. ಬಾಯಿ ಬಿಡಬೇಡಿ, ಏನನ್ನೂ ಒಪ್ಪಿಕೊಳ್ಳಬೇಡಿ ಎಂದರು.
ಹೆಂಡತಿ ಜಲಜಾಕ್ಷಿ ನಕ್ಕಳು. "ನಿಮಗೆ ಹಾಲಿನವನ ಮೇಲೂ ಸಂಶಯ ಮಾರಾಯ್ರೆ. ಬರ್ಲಿ, ಒಮ್ಮೆ ಮುಖ ನೋಡುವ."
ಹೆಂಡತಿಯೂ ಆ ಕಡೆಯೇ.

ಜನವರಿ 18, ಶನಿವಾರ
ಬಂದಳು. ಮುಖ ಅಕ್ಕನದೇ ಎಂದಳು ಜಲಜಾಕ್ಷಿ. ನಾನು ಮುಖ ನೋಡಲಿಲ್ಲ, ಬ್ಯಾಗ್ ನೋಡುತ್ತಿದ್ದೆ. ಕೋರ್ಟಿನ ಕಾಗದ ಇದ್ದೀತೆಂದು. ಮೇಪಲ್ ಸಿರಪ್ ಬಾಟಲಿ ಬಂತು.
ಹೆಸರಿನ ವಿಷಯ ನೇರವಾಗಿ ಕೇಳಿಬಿಟ್ಟೆ. ಬೇಜಾರಿಲ್ಲದೆ ಹೇಳಿದಳು. ಅವಳನ್ನು ಸಾಕಿದ ಅಪ್ಪನ ಮೂಲಪುರುಷ ಫ್ರಾನ್ಸಿನ ಸಿಪಾಯಿ, ರೋಬೇರ್. ಸೈನ್ಯದಲ್ಲಿ ಅಡ್ಡಹೆಸರು ಲಾಫ್ಲೂರ್. ಎರಡೂ ಸೇರಿ "ರೋಬೇರ್ ದಿ ಲಾಫ್ಲೂರ್". ದಿ ಎಂದರೆ "ಹೀಗೂ ಕರೆಯುತ್ತಾರೆ" ಎಂದು. ಮಕ್ಕಳಲ್ಲಿ ಕೆಲವರು ಅದನ್ನು ಇಟ್ಟುಕೊಂಡರು, ಕೆಲವರು ಇದನ್ನು. ಇವಳು ಕಾಗದದಲ್ಲಿ ರೋಬೇರ್, ಬಳಕೆಯಲ್ಲಿ ಲಾಫ್ಲೂರ್. ಅಲ್ಲಿ ಹೆಂಗಸರು ಮದುವೆಯಾದರೂ ಹೆಸರು ಬದಲಿಸುವುದಿಲ್ಲವಂತೆ, ಅದಕ್ಕೇ ಸಾಕುತಾಯಿ ಗಾನ್ಯೋ.
ಸಮೀಕ್ಷಾ ಚಪ್ಪಾಳೆ ತಟ್ಟಿದಳು. "ಅಪ್ಪಾ, ನಮ್ಮ ವೀಟ್ಲಯೂ ಅಪ್ಪಡಿದಾನೇ, ಇಲ್ಲೂ ಹಾಗೇ ಅಲ್ವಾ! ನೀವು ಸಾಲ್ಯಾನ್, ಅಮ್ಮ ಕೋಟ್ಯಾನ್, ಸ್ಕೂಲಲ್ಲಿ ನಾನು ಬರೀ ಎಸ್. ಸಮೀಕ್ಷಾ. ತ್ರೀ ನೇಮ್ಸ್!"
ಮೈ ಉರಿಯಿತು.
ಆಮೇಲೆ ಇಸಾಬೆಲ್ ಮೆಲ್ಲಗೆ ಕೇಳಿದಳು. "ಸಾಕಿದ ಅಪ್ಪನ ಹೆಸರನ್ನು ಮುನ್ನೂರು ವರ್ಷ ಹಿಂದಿನವರೆಗೆ ಹುಡುಕಿದೆ. ಹೆತ್ತ ಅಮ್ಮನಿಂದ ನನಗೆ ಬಂದ ಹೆಸರು ಯಾವುದು?"
ನಮ್ಮಲ್ಲಿ ಕುಲದ ಹೆಸರು ತಾಯಿಯಿಂದಲೇ ಬರುವುದು. ಹೇಳಿದರೆ ಅಕ್ಕನ ಮಗಳೆಂದು ಒಪ್ಪಿದ ಹಾಗೆ. ಊಟ ತಣ್ಣಗಾಗುತ್ತದೆ ಎಂದೆ.

ಜನವರಿ 19
ವಕೀಲರು ಹಕ್ಕು ಬಿಟ್ಟುಕೊಡುವ ಪತ್ರ ತಂದರು. ಅವಳು ಓದಿದಳು. ಸಹಿ ಹಾಕಿದಳು. ಇಷ್ಟು ಸಲೀಸಾಗಿ ಯಾರು ಬಿಡುತ್ತಾರೆ? ಇನ್ನೇನೋ ಬೇಕಿದೆ ಇವಳಿಗೆ. ಪೆನ್ನು ವಾಪಸು ಕೊಡುತ್ತಾ ಅದನ್ನೇ ಕೇಳಿದಳು—ಅಮ್ಮನಿಂದ ಬಂದ ಹೆಸರು.
ಕಾಫಿ ಹೇಳಿ ಕೆಳಗಿಳಿದೆ.
ಸಂಜೆ ಸಮೀಕ್ಷಾ ಕೇಳಿದಳು. "ಅಪ್ಪಾ, ನನಗೆ ಅಮ್ಮನದು ಬಂತು. ಹಾಗಾದ್ರೆ ನಿಮ್ಮದು ಯಾರಿಗೆ?"
ಅಕ್ಕನ ಮಕ್ಕಳಿಗೆ, ಎಂದೆ. ಅಭ್ಯಾಸದಿಂದ ಬಾಯಿಗೆ ಬಂತು.
ಅವಳು ಇಸಾಬೆಲ್ ತಂದ ಸಿರಪ್ ಬಾಟಲಿಯನ್ನು ನನ್ನ ಮುಂದೆ ಸರಿಸಿದಳು.

ಜನವರಿ 20, ಬೆಳಿಗ್ಗೆ
ನಮ್ಮ ಮನೆಯಲ್ಲಿ ನನ್ನ ನಂತರ ಸಾಲ್ಯಾನ್ ಎಂದು ಉಳಿಯುವವಳು ಇಸಾಬೆಲ್ ಒಬ್ಬಳೇ. ಕಸಿದುಕೊಳ್ಳಲು ಬಂದಳೆಂದು ಕಾವಲು ಕೂತಿದ್ದೆ. ನಾಚಿಕೆಯಾಗುತ್ತಿದೆ. ಮಗು ಉಳಿಯಲಿಲ್ಲ ಎಂದು ಸುಳ್ಳು ಹೇಳಿದ ಅಮ್ಮನ ಮೇಲೆ ಸಿಟ್ಟು ಬರುತ್ತಿದೆ.
ಪತ್ರ ಹರಿದು ಒಲೆಗೆ ಹಾಕಿದೆ. ವಕೀಲರು ಬೈಯಲಿ.
ಇವತ್ತು ಅವಳ ಫ್ಲೈಟ್. ಕಾಫಿಗೆ ಬರುತ್ತೇನೆಂದಿದ್ದಾಳೆ. ಇನ್ನೂ ಬಂದಿಲ್ಲ. ಬರುತ್ತಾಳೋ ಇಲ್ಲವೋ... ನನ್ನ ಮೋರೆ ನೋಡಿ ಬೇಸತ್ತು ಹೊರಟೇ ಹೋದಳೋ.
ಹೇಗೆ ಹೇಳಲಿ ಎಂದು ಬಾಯಿಪಾಠ ಮಾಡುತ್ತಿದ್ದೇನೆ. ಅವರ ಪದ್ಧತಿಯಲ್ಲಿ ನಡುವೆ ದಿ ಹಾಕಿ ಎರಡೂ ಇಟ್ಟುಕೊಳ್ಳಬಹುದಲ್ಲ.
ಮೆಟ್ಟಿಲಲ್ಲಿ ಚಪ್ಪಲಿ ಸದ್ದು.
ಇಸಾಬೆಲ್ ರೋಬೇರ್ ದಿ—