ಅರಸುಮಗಳ ಹೆಸರಿಗೆ ಕತ್ತರಿ ಗೀಟು

ಪ್ರೀತಿಯ ಅಕ್ಕ,

ಇಷ್ಟು ದಿನ ಮುಚ್ಚಿಟ್ಟಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಸೇರಿದ್ದು ತಾಮ್ರದ ಗಣಿಗಲ್ಲ, ಅರಸುಮಗಳು ಲಿಸೇಲಿಯವರ ಚುನಾವಣೆ ಕೆಲಸಕ್ಕೆ. ನಮ್ಮ ಸೀಮೆಯಲ್ಲಿ ಚುನಾವಣೆಗೆ ನಿಂತ ಮೊದಲ ಹೆಂಗಸು ಅವರು. ಸೋತರು. ಜಾಂಬೆಜಿ ನದಿ ಬಯಲಿನ ಈ ಹಳ್ಳಿಗೆ ಸುದ್ದಿ ತಂದವನು ನಾನೇ. ಮೀನು ಮಾರುವ ನಾಮಕಾವು ಅಜ್ಜಿ ನನ್ನ ಮೇಲೇ ಹರಿಹಾಯ್ದಳು.

"ಸೋಲೋದು ಹೇಗೋ, ಮುಠ್ಠಾಳ? ಅರಸುಮಗಳ ಹೆಸರಿಗೆ ಯಾರಾದ್ರೂ ಕತ್ತರಿ ಗೀಟು ಎಳೀತಾರಾ? ಮರ್ಯಾದೆ ಬೇಡ್ವಾ? ನಾವೆಲ್ಲ ಆ ಇನ್ನೊಬ್ಬನ ಹೆಸರನ್ನೇ ಹೊಡೆದುಹಾಕಿ ಬಂದಿದೀವಿ!"

ಚೀಟಿಯಲ್ಲಿ ಯಾರ ಹೆಸರಿಗೆ ಆ ಗೀಟು ಎಳೆಯುತ್ತೇವೋ ಅವರಿಗೇ ಓಟು ಎಂದು ನಿಜ ಹೇಳಿಬಿಟ್ಟೆ. ಅಜ್ಜಿ ಮೀನಿನ ಬುಟ್ಟಿಯ ಪಕ್ಕ ಕುಸಿದು ಕೂತಳು. ಲಿಸೇಲಿಯವರು ಇನ್ನೆಂದೂ ನಿಲ್ಲುವುದಿಲ್ಲವಂತೆ.

ಇಲ್ಲಿಗೆ ಬಂದ ಮೇಲೆ ನನಗೆ ಹಿಡಿದಿದ್ದ ಜ್ವರ ಬಿಟ್ಟಿದೆ, ಊಟ ಮಾತ್ರ ಸೇರುತ್ತಿಲ್ಲ. ನಾಳೆ ದೋಣಿಯಲ್ಲಿ ನಿನ್ನಲ್ಲಿಗೆ ಹೊರಡುತ್ತೇನೆ.

ಮುಬಿಟಾ